ಅರ್ಧ ಆಣೆಯ ಬಾಕಿ

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಕಲ್ಯಾಣಮಂಟಪದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎಡಗಡೆ ನನ್ನ ತಂಗಿಯ ಅಳಿಯ. ದೊಡ್ಡ ದೊಡ್ಡ ಕಂಪನಿಗಳ ಲೆಕ್ಕಪತ್ರ ನೋಡಿ ಅಲ್ಲಿ ಯಾವ ವಿಭಾಗ ಉಳಿಯಬೇಕು, ಯಾವುದನ್ನು ಮುಚ್ಚಬೇಕು ಎಂದು ಸಲಹೆ ಕೊಡುವುದು ಅವನ ಉದ್ಯೋಗ. ಹುಡುಗ ಒಳ್ಳೆಯವನೇ, ನನ್ನ ಎಲೆಗೆ ತುಪ್ಪ ಹಾಕಿಸಿದ ಮೇಲೇ ತನ್ನ ಎಲೆಗೆ ಹಾಕಿಸಿಕೊಂಡ. ಪುಸ್ತಕದ ಕಟ್ಟನ್ನು ಅಂಚೆಯಲ್ಲಿ ಕಳಿಸುವುದು ಈಗೀಗ ಎಷ್ಟು ದುಬಾರಿ ಎಂದು ನಾನು ಸುಮ್ಮನೆ ಗೊಣಗಿದೆ. ಅದಕ್ಕೆ ಅವನು, "ಮಾವ, ಈ ಪೋಸ್ಟಾಫೀಸನ್ನ ಇನ್ನೂ ಯಾಕೆ ಇಟ್ಕೊಂಡಿದಾರೆ ಅಂತ? ವರ್ಷಕ್ಕೆ ಸಾವಿರಾರು ಕೋಟಿ ನಷ್ಟ. ಬಿಎಸ್ಸೆನ್ನೆಲ್ಲೂ ಅದೇ ಕತೆ. ಮುಚ್ಚಿ ಕೈ ತೊಳ್ಕೊಳ್ಳೋದು ವಾಸಿ" ಎಂದ.

ಎದುರು ಸಾಲಿನಲ್ಲಿ ನಿವೃತ್ತ ಪ್ರೊಫೆಸರರೊಬ್ಬರು ಕೂತಿದ್ದರು. ಅವರಿಗೆ ಇದು ಕೇಳಿ ಬಹಳ ನೋವಾಯಿತು. "ಛೆ, ಹಾಗನ್ನಬೇಡಪ್ಪ. ಅಂಚೆಯಣ್ಣ ಅಂದ್ರೆ ನಮ್ಮ ಬಾಲ್ಯ. ಆ ಸೈಕಲ್ ಬೆಲ್ಲು, ಆ ಖಾಕಿ ಚೀಲ, ಆ ಇನ್‌ಲ್ಯಾಂಡ್ ಲೆಟರಿನ ನೀಲಿ…" ಎಂದು ಹೋಳಿಗೆ ಮುರಿಯುವುದನ್ನು ಬಿಟ್ಟು ಕಣ್ಣು ಮುಚ್ಚಿದರು.

ನನಗೆ ಇಬ್ಬರ ಮೇಲೂ ಒಂದೇ ಸಮ ಸಿಟ್ಟು ಬಂತು. ಊಟದ ಪಂಕ್ತಿಯಲ್ಲಿ ಜಗಳವಾಡುವ ವಯಸ್ಸು ಮೀರಿದೆ. ಸುಮ್ಮನೆ ಉಂಡು ಎದ್ದೆ. ಅಲ್ಲಿ ಆಡದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಅಳಿಯನೂ ಆ ಪ್ರೊಫೆಸರರೂ ಮೇಲುನೋಟಕ್ಕೆ ವಿರೋಧಿಗಳು. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ. ಈ ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಷ್ಟು ಕಡಿಮೆ ದುಡ್ಡಿನಲ್ಲಿ ಕಾಗದ ಹೋಗುತ್ತಿತ್ತಲ್ಲ, ಉಳಿದ ದುಡ್ಡನ್ನು ಕೊಟ್ಟವರು ಯಾರು?

ನನಗೆ ಗೊತ್ತಿರುವ ಒಬ್ಬರ ಹೆಸರನ್ನಂತೂ ಹೇಳಬಲ್ಲೆ. ಅವರು ನಮ್ಮ ಅಪ್ಪಯ್ಯ.

ಅಪ್ಪಯ್ಯ 1955ರಿಂದ 1991ರವರೆಗೆ, ಅಂದರೆ ಮೂವತ್ತಾರು ವರ್ಷ, ಶರಾವತಿ ಸೀಮೆಯ ನಮ್ಮ ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದರು. ಪೋಸ್ಟಾಫೀಸು ಎಂದರೆ ನಮ್ಮ ಮನೆಯ ಜಗಲಿಯ ಬಲಮೂಲೆ. ಅಲ್ಲೊಂದು ಹಲಸಿನ ಹಲಗೆಯ ಮೇಜು, ಅದರ ಮೇಲೆ ಕಾಗದ ತೂಗುವ ಸಣ್ಣ ತಕ್ಕಡಿ, ತಾರೀಕಿನ ಮೊಹರು, ಶಾಯಿ ಪ್ಯಾಡು, ಅರಗಿನ ಕಡ್ಡಿ. ದಣಪೆಯ ಪಕ್ಕದ ಕಂಬಕ್ಕೆ ಕೆಂಪು ಡಬ್ಬಿ. ಸರ್ಕಾರ ಕೊಟ್ಟದ್ದು ಇಷ್ಟೇ. ಜಗಲಿ ನಮ್ಮದು, ಮೇಜು ನಮ್ಮದು, ಮಳೆಗಾಲದಲ್ಲಿ ಮಧ್ಯಾಹ್ನವೇ ಹಚ್ಚಬೇಕಾದ ಲಾಟೀನಿನ ಸೀಮೆಎಣ್ಣೆಯೂ ನಮ್ಮದು. ಈ ಕೆಲಸಕ್ಕೆ ಸೇರಬೇಕಾದರೆ ಇಲಾಖೆಯ ಷರತ್ತು ಏನಿತ್ತು ಗೊತ್ತೆ? ಅರ್ಜಿದಾರನಿಗೆ ಬದುಕಲು ಬೇರೆ ಆದಾಯ ಇರಬೇಕು, ಕಚೇರಿ ನಡೆಸಲು ಜಾಗವನ್ನೂ ಅವನೇ ಒದಗಿಸಬೇಕು. ನಾವು ಕೊಡುವುದರಲ್ಲಿ ಬದುಕಲಾಗದು ಎಂದು ಧಣಿಯೇ ಮೊದಲು ಬರೆದುಕೊಟ್ಟು ಆಳನ್ನು ಇಟ್ಟುಕೊಳ್ಳುವ ಏರ್ಪಾಡು ಇದು.

ಕೊಡುವುದಕ್ಕೆ ಸಂಬಳ ಎಂಬ ಹೆಸರೂ ಇರಲಿಲ್ಲ, ಭತ್ಯೆ. ಸಂಬಳ ಎಂದರೆ ನೌಕರನಾಗಿಬಿಡುತ್ತಾನೆ, ನೌಕರನಾದರೆ ಪಿಂಚಣಿ ಕೇಳುತ್ತಾನೆ. ಹುದ್ದೆಯ ಪೂರ್ತಿ ಹೆಸರು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್', ಅಂದರೆ ಇಲಾಖೆಯ ಹೊರಗಿನವ; ಬಾಯಿಮಾತಿನಲ್ಲಿ ಇ.ಡಿ. (ಈಗ ಇ.ಡಿ. ಎಂದರೆ ರಾಜಕಾರಣಿಗಳ ಮನೆಗೆ ಬೆಳಗಿನ ಜಾವ ನುಗ್ಗುವವರು ಎಂದು ಅರ್ಥ. ಆಗ ಆ ಎರಡಕ್ಷರ ಕೇಳಿ ಹೆದರುವವರು ಯಾರೂ ಇರಲಿಲ್ಲ.) ದಿನಕ್ಕೆ ಕೆಲವೇ ಗಂಟೆಯ ಕೆಲಸ ಎಂಬುದು ಕಾಗದದ ಮೇಲಿನ ಲೆಕ್ಕ. ಆದರೆ ರಾತ್ರಿ ಎಂಟಕ್ಕೆ ಬಂದು "ಹೆಗಡೇರೆ, ಮಗನ ಕಾಗದ ಬಂತನ" ಎಂದು ದಣಪೆಯಲ್ಲಿ ನಿಂತವಳಿಗೆ ಕಚೇರಿ ಮುಚ್ಚಿದೆ ಎಂದು ಹೇಳಲು ಅಪ್ಪಯ್ಯನಿಗೆ ಬರುತ್ತಿರಲಿಲ್ಲ. ಕಚೇರಿ ಮುಚ್ಚಲು ಅದಕ್ಕೆ ಬಾಗಿಲೇ ಇರಲಿಲ್ಲವಲ್ಲ.

ಅಪ್ಪಯ್ಯನಿಗಿಂತ ಕೆಳಗೆ ಇನ್ನೊಬ್ಬ ಇದ್ದ. ಚೀಲ ಹೊರುವವನು, ನಮ್ಮ ಬಾಯಲ್ಲಿ ರನ್ನರ್. ಹಿಂದಿನ ಕಾಲದ ರನ್ನರ್‌ಗೆ ಈಟಿ, ಗೆಜ್ಜೆ ಇರುತ್ತಿದ್ದವಂತೆ. ಇವನಿಗೆ ಒಂದು ಕಂಬಳಿಕೊಪ್ಪೆ. ಬಸ್ಸು ನಿಲ್ಲುವ ಊರಿನಿಂದ ಒಂಬತ್ತು ಮೈಲಿ, ನಡುವೆ ಎರಡು ಹೊಳೆ. ಆಷಾಢದಲ್ಲಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಎದೆಮಟ್ಟ ನೀರಿನಲ್ಲಿ ದಾಟಿ ಬಂದು, ಜಗಲಿಯ ಮೆಟ್ಟಿಲಲ್ಲಿ ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ಕೂರುತ್ತಿದ್ದ. ಅಮ್ಮ ಕಾಯಿಸಿದ ಕಷಾಯ ಕುಡಿದ ಮೇಲೇ ಮಾತು. ಆ ಚೀಲದಲ್ಲಿ ಇರುತ್ತಿದ್ದುದು ಎಷ್ಟು? ಕೆಲವು ದಿನ ನಾಲ್ಕು ಕಾರ್ಡು, ಒಂದು ಕವರು. ನಾಲ್ಕು ಕಾರ್ಡಿಗಾಗಿ ಒಂಬತ್ತು ಮೈಲಿ! ನಮ್ಮ ಅಳಿಯನ ಲೆಕ್ಕಪುಸ್ತಕದಲ್ಲಿ ಇದನ್ನು ಯಾವ ಕಾಲಮಿನಲ್ಲಿ ಬರೆಯುವುದು?

ಆ ನಾಲ್ಕರಲ್ಲಿ ಒಂದು ಬೊಂಬಾಯಿಯ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಮನಿಯಾರ್ಡರ್ ಇದ್ದರೆ ಆ ದಿನ ಬೇರೆ. ಮೂವತ್ತು ರೂಪಾಯಿ, ನಲವತ್ತು ರೂಪಾಯಿ. ಕೆಳಗಿನ ತುಂಡು ಕಾಗದದಲ್ಲಿ ಎರಡು ಸಾಲು. ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿ ಹಾಕಿಸಿ, ದುಡ್ಡು ಎಣಿಸಿ ಕೊಟ್ಟು, ಆ ಎರಡು ಸಾಲನ್ನು ಅಪ್ಪಯ್ಯ ಓದಿ ಹೇಳಬೇಕು; ಒಮ್ಮೆ ಅಲ್ಲ, ಮೂರು ಸಲ. ಒಮ್ಮೊಮ್ಮೆ ಮನಿಯಾರ್ಡರ್ ಬರುತ್ತಿತ್ತು, ಕೊಡಲು ಬೇಕಾದ ನಗದು ಮೇಲಿನ ಕಚೇರಿಯಿಂದ ಬಂದಿರುತ್ತಿರಲಿಲ್ಲ. ಬ್ರಾಂಚ್ ಆಫೀಸಿನಲ್ಲಿ ಹೆಚ್ಚು ಹಣ ಇಡುವ ಹಾಗಿಲ್ಲ. ಎರಡು ದಿನ ಬಿಟ್ಟು ಬಾ ಎನ್ನುವುದು ಕಾನೂನು. ಆದರೆ ಅವಳು ನಾಲ್ಕು ಮೈಲಿ ನಡೆದು ಬಂದಿದ್ದಾಳೆ. ಅಪ್ಪಯ್ಯ ಅಡಕೆ ಮಾರಿದ ದುಡ್ಡಿನಲ್ಲಿ ನಲವತ್ತು ತೆಗೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದರು, ಇಂಥ ದಿನಕ್ಕೆಂದು.

ಒಂದು ಸಲ ತನಿಖೆಗೆ ಬಂದ ಅಧಿಕಾರಿ ಖಾನೆ ಎಣಿಸಿದಾಗ ಆ ನಲವತ್ತು ರೂಪಾಯಿ ಹೆಚ್ಚಾಗಿ ಸಿಕ್ಕಿತು. ಕಡಿಮೆ ಸಿಕ್ಕಿದರೆ ಕಳ್ಳತನ. ಹೆಚ್ಚು ಸಿಕ್ಕಿದರೂ ಅಪರಾಧವೇ ಎಂದು ನಮಗೆ ಅವತ್ತೇ ತಿಳಿದದ್ದು. ಸರ್ಕಾರದ ಹಣದ ಜತೆ ಖಾಸಗಿ ಹಣ ಬೆರೆಸಿದ್ದೇಕೆ ಎಂದು ಮೆಮೋ ಬಂತು. ಅಪ್ಪಯ್ಯ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಮ್ಮ ಜಗಲಿಯಲ್ಲಿ, ನಮ್ಮ ಮೇಜಿನ ಮೇಲೆ, ನಮ್ಮ ದೀಪದ ಬೆಳಕಿನಲ್ಲಿ ಬಾಡಿಗೆಯಿಲ್ಲದೆ ಸರ್ಕಾರ ಬಂದು ಕೂತಿತ್ತು. ಆದರೆ ನಮ್ಮ ನಲವತ್ತು ರೂಪಾಯಿ ಅದರ ಖಾನೆಯಲ್ಲಿ ಕೂರುವ ಹಾಗಿರಲಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ನಮ್ಮ ಸುತ್ತಿನ ಊರುಗಳು ಮುಳುಗಿದವು, ಜನ ದಿಕ್ಕುಪಾಲಾದರು. ಆದರೆ ಮುಳುಗಿದ ಊರಿಗೆ ಕಾಗದ ಬರುವುದು ನಿಲ್ಲಲಿಲ್ಲ. ಬೊಂಬಾಯಿಯ ಹುಡುಗನಿಗೆ ಅಮ್ಮನ ಊರು ನೀರಿನಡಿ ಹೋದದ್ದು ಹೇಗೆ ಗೊತ್ತಾಗಬೇಕು? ಅಪ್ಪಯ್ಯ ಒಂದು ಹಳೇ ನೋಟುಬುಕ್ಕಿನಲ್ಲಿ ಯಾವ ಮನೆಯವರು ಯಾವ ತಾಲ್ಲೂಕಿನ ಯಾವ ಊರು ಸೇರಿದರು ಎಂದು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕಾರ್ಡುಗಳ ವಿಳಾಸ ಹೊಡೆದು ಹೊಸ ವಿಳಾಸ ಬರೆದರು. ಆ ಮರುವಿಳಾಸಕ್ಕೆ ಯಾರೂ ಒಂದು ಪೈಸೆ ಹೆಚ್ಚು ಕೊಡಬೇಕಾಗಿರಲಿಲ್ಲ. ಅಂಚೆಯ ನಿಯಮವೇ ಹಾಗೆ. ಜನರಿಗೆ ಪರಿಹಾರ ಕೊಡಬೇಕಾದ ಕಚೇರಿಗಳಿಗೆ ಅವರೆಲ್ಲಿದ್ದಾರೆಂದು ತಿಳಿಯದೆ ಹೋದಾಗಲೂ ಕಾರ್ಡಿಗೆ ಗೊತ್ತಿರುತ್ತಿತ್ತು.

ಇನ್ನು ಸ್ವಲ್ಪ ಹಳೆಯ ಲೆಕ್ಕ ನೋಡೋಣ.

ಅಂಚೆ ನಮಗೆ ಇಂಗ್ಲಿಷರು ತಂದದ್ದಲ್ಲ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ಶುರುಮಾಡಿದ್ದರು. ಕಾಗದ ಒಯ್ಯುವುದರ ಜತೆಗೆ ಸುದ್ದಿ ಕದ್ದು ತರುವ ಕೆಲಸವೂ ಅದಕ್ಕಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆದರೆ ಹೆಸರು ಉಳಿಯಿತು. ಮುಂಬಯಿ ಕರ್ನಾಟಕದವರು ಟಪಾಲು ಎಂದರೆ ನಾವು ಅಂಚೆ ಎನ್ನುತ್ತೇವೆ. ಹಳಗನ್ನಡದಲ್ಲಿ ಆ ಶಬ್ದಕ್ಕೆ ಹಂಸ ಎಂಬ ಅರ್ಥವೂ ಇರುವುದು ಕಾಕತಾಳೀಯವೋ ಏನೋ, ಪಂಡಿತರು ಹೇಳಬೇಕು.

ಇಂಗ್ಲಿಷರು ತಂದದ್ದು ಬೇರೆ ಒಂದು ಸಂಗತಿ. 1854ರ ಮುಂಚೆ ಕಾಗದಕ್ಕೆ ದೂರದ ಮೇಲೆ ದರ. ಹತ್ತಿರಕ್ಕೆ ಕಡಿಮೆ, ದೂರಕ್ಕೆ ಹೆಚ್ಚು. ಆ ವರ್ಷ ಡಾಲ್‌ಹೌಸಿಯ ಆಡಳಿತ ಹೊಸ ಕಾನೂನು ಮಾಡಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ, ಅದು ಪಕ್ಕದ ಊರಿಗೆ ಹೋಗಲಿ, ದೇಶದ ಇನ್ನೊಂದು ತುದಿಗೆ ಹೋಗಲಿ, ಎಂದು ಗೊತ್ತುಮಾಡಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂತು, 1880ರಲ್ಲಿ ಮನಿಯಾರ್ಡರ್, 1882ರಲ್ಲಿ ಉಳಿತಾಯ ಬ್ಯಾಂಕು. ಡಾಲ್‌ಹೌಸಿ ನಮ್ಮ ಮೇಲಿನ ಮಮತೆಯಿಂದ ಇದನ್ನು ಮಾಡಿದ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಬೇಕಿದ್ದುದು ಆಡಳಿತದ ಹಿಡಿತ, ವ್ಯಾಪಾರದ ಅನುಕೂಲ. ಆದರೂ ಆ ದರಪಟ್ಟಿಯಲ್ಲಿ ಒಂದು ದೊಡ್ಡ ಮಾತು ಅಡಗಿತ್ತು: ಮೂಲೆಯ ಹಳ್ಳಿಯಲ್ಲಿ ಹುಟ್ಟಿದ ತಪ್ಪಿಗೆ ಯಾರೂ ದಂಡ ತೆರಬೇಕಾಗಿಲ್ಲ.

ಆದರೆ ದರಪಟ್ಟಿಯಿಂದ ದೂರವನ್ನು ಅಳಿಸಿದರೆ ನೆಲದ ಮೇಲೆ ಅದು ಅಳಿಯುವುದಿಲ್ಲ. ಒಂಬತ್ತು ಮೈಲಿ ಒಂಬತ್ತು ಮೈಲಿಯೇ. ಅದನ್ನು ಯಾರೋ ನಡೆಯಬೇಕು, ಯಾರೋ ಅದರ ಬೆಲೆ ತೆರಬೇಕು. ಅರ್ಧ ಆಣೆಯ ಆಚೆಗೆ ಉಳಿದ ಬಾಕಿ ಅದು. ಐವತ್ತು ಪೈಸೆಯ ಈಗಿನ ಕಾರ್ಡಿಗೆ ಇಲಾಖೆಗೆ ಆಗುವ ಖರ್ಚು ಅದರ ಹತ್ತು ಪಟ್ಟಿಗೂ ಹೆಚ್ಚು. ಈ ಬಾಕಿಯನ್ನು ತೀರಿಸುವವರು ಯಾರು ಎಂಬುದೇ ಅಂಚೆಯ ನಿಜವಾದ ಚರಿತ್ರೆ. ಅಂಚೆಚೀಟಿಯ ಮೇಲಿನ ಚಿತ್ರಗಳ ಚರಿತ್ರೆ ಅಲ್ಲ.

ಬಹುಕಾಲ ಬಾಕಿಯ ಒಂದು ಪಾಲನ್ನು ತಂತಿ ಮತ್ತು ಟೆಲಿಫೋನು ತೀರಿಸುತ್ತಿದ್ದವು. 1914ರಲ್ಲಿ ಅಂಚೆ ಮತ್ತು ತಂತಿ ಇಲಾಖೆಗಳು ಒಂದಾದವು. ಊರವರ ಬಾಯಲ್ಲಿ ಅದು ಪಿ ಅಂಡ್ ಟಿ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಮುಂದೆ ಅದು ಒಂದೂವರೆ ಲಕ್ಷ ಮೀರಿ, ಜಗತ್ತಿನಲ್ಲೇ ಅತಿ ದೊಡ್ಡ ಅಂಚೆ ಜಾಲವಾಯಿತು. ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲಿ. ಪೇಟೆಯ ವ್ಯಾಪಾರಿ ಟ್ರಂಕ್‌ಕಾಲ್ ಮಾಡಿದ ದುಡ್ಡಿನಲ್ಲಿ ನಮ್ಮೂರ ರನ್ನರ್‌ನ ಭತ್ಯೆ ಬರುತ್ತಿತ್ತು ಎಂದರೆ ಸ್ಥೂಲವಾಗಿ ತಪ್ಪಾಗದು. ಒಂದೇ ಮನೆ, ಒಂದೇ ಒಲೆ.

ಈ ಮನೆಯನ್ನು ನಾನು ಸ್ವರ್ಗವೆಂದು ವರ್ಣಿಸಲು ಹೊರಟಿಲ್ಲ. ನಾನು ಮೇಷ್ಟ್ರಾಗಿದ್ದ ತಾಲ್ಲೂಕು ಊರಿನಲ್ಲಿ 1983ರಲ್ಲಿ ಟೆಲಿಫೋನಿಗೆ ಅರ್ಜಿ ಹಾಕಿದೆ. ಅದು ಬಂದದ್ದು 1991ರಲ್ಲಿ. ಎಂಟು ವರ್ಷ. ಅರ್ಜಿ ಹಾಕಿದಾಗ ಒಂದನೇ ಕ್ಲಾಸಿನಲ್ಲಿದ್ದ ಮಗಳು ಫೋನು ಬಂದಾಗ ಹೈಸ್ಕೂಲು ಸೇರಿದ್ದಳು. ಬಂದ ಮೇಲೂ ಮಳೆಗಾಲದ ನಾಲ್ಕು ತಿಂಗಳು ಅದು ಗೂಟಕ್ಕೆ ಕಟ್ಟಿದ ಸತ್ತ ಪ್ರಾಣಿ. ಲೈನ್‌ಮನ್ನನ ದೀಪಾವಳಿ ಇನಾಮು ಬೇರೆ. ಕಿಟಕಿಯ ಆಚೆ ಕೂತು ತಲೆ ಎತ್ತದೆ "ಫಾರಂ ಇಲ್ಲ" ಎನ್ನುವ ಗುಮಾಸ್ತರನ್ನು ಕಂಡು ನಾನೂ ಶಾಪ ಹಾಕಿದ್ದೇನೆ. ಖಾಸಗಿಯವರು ಬಂದಾಗ ಜನ ಹಾಲು ಕುಡಿದಷ್ಟು ಸಂತೋಷಪಟ್ಟರೆ ಅದು ಜನರ ತಪ್ಪಲ್ಲ.

ಆದರೆ ಅದೇ ಕಾಲದಲ್ಲಿ ಇನ್ನೊಂದೂ ನಡೆದಿತ್ತು, ಅದನ್ನು ಯಾರೂ ಊಟದ ಪಂಕ್ತಿಯಲ್ಲಿ ನೆನೆಯುವುದಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಶುರುವಾಗಿ, ಒಂದು ಊರಿಗೇ ದೂರವಾಣಿನಗರ ಎಂಬ ಚೆಂದದ ಕನ್ನಡ ಹೆಸರು ಬಂತು. 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಕೇಂದ್ರ ಹುಟ್ಟಿತು. ಮೂರು ವರ್ಷ ಅವಧಿ, 36 ಕೋಟಿ ರೂಪಾಯಿ. ದೆಹಲಿ, ಬೆಂಗಳೂರಿನ ಎಳೆಯ ಎಂಜಿನಿಯರುಗಳು ಕೂತು ಹಳ್ಳಿಗೆಂದೇ ಸಣ್ಣ ಎಕ್ಸ್‌ಚೇಂಜು ಮಾಡಿದರು. ಪರದೇಶದ ಯಂತ್ರಕ್ಕೆ ತಂಪು ಕೋಣೆ ಬೇಕು; ಇದಕ್ಕೆ ಬೇಡ. ಧೂಳಿನಲ್ಲಿ, ಸೆಕೆಯಲ್ಲಿ ನಡೆಯಬೇಕು. ಆ ಯಂತ್ರವನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರಿಗೆ ಹೋಗುವ ಪ್ರವಾಸಿಗಳಿಗೆ ಕೋಟೆ ತೋರಿಸುತ್ತಾರೆ, ಇದನ್ನೂ ಹೇಳಬೇಕಿತ್ತು. ಊರೂರಿಗೂ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತು ಬಂದು, ಕಾಲು ಸ್ವಾಧೀನವಿಲ್ಲದ ಎಷ್ಟೋ ಹುಡುಗರಿಗೆ ಬದುಕು ಕೊಟ್ಟ ಕತೆಯ ಹಿಂದೆ ಇರುವುದು ಸರ್ಕಾರದ್ದೇ ಎಕ್ಸ್‌ಚೇಂಜು. ಸರ್ಕಾರಕ್ಕೆ ಏನೂ ಮಾಡಲು ಬರುವುದಿಲ್ಲ ಎಂಬುದು ಸುಳ್ಳು. ಅದಕ್ಕೆ ಮಾಡಲು ಬರುತ್ತದೆ. ಮಾಡಿದ್ದನ್ನು ಕೈಯಾರೆ ಹಾಳುಮಾಡಲೂ ಬರುತ್ತದೆ.

1985ರಲ್ಲಿ ಮನೆ ಪಾಲಾಯಿತು. ಅಂಚೆ ಬೇರೆ, ದೂರಸಂಪರ್ಕ ಬೇರೆ. ತನಿಖೆಗೆ ಬಂದವರು ಈ ಸುದ್ದಿ ಹೇಳಿದಾಗ ಅಪ್ಪಯ್ಯ ಕವಳ ಉಗಿದು ಬಂದು ಕೇಳಿದ್ದು ಒಂದೇ ಮಾತು: "ತೋಟ ಯಾರಿಗೆ, ಬ್ಯಾಣ ಯಾರಿಗೆ?" ನಮ್ಮ ಕಡೆ ಪಾಲು ಎಂದರೆ ಅಷ್ಟೇ ನೋಡಬೇಕಾದ್ದು. ಅಡಕೆ ತೋಟ ಒಬ್ಬನ ಪಾಲಿಗೆ ಹೋಗಿ ಹುಲ್ಲು ಬೆಳೆಯುವ ಬ್ಯಾಣ ಇನ್ನೊಬ್ಬನಿಗೆ ಉಳಿದರೆ, ಹತ್ತು ವರ್ಷದಲ್ಲಿ ಬ್ಯಾಣದವನು ಸಾಲಗಾರ. ಆಮೇಲೆ ತೋಟದವನ ಮಕ್ಕಳು ಅವನಿಗೆ ಶ್ರಮಪಟ್ಟು ದುಡಿಯುವ ಉಪದೇಶ ಮಾಡುತ್ತಾರೆ. ಟೆಲಿಫೋನು ತೋಟ, ಅಂಚೆ ಬ್ಯಾಣ. ಅಂಚೆಯ ನಷ್ಟ ಎಂದು ನಾವು ಇವತ್ತು ಕೇಳುವ ಸುದ್ದಿ ಹೊಸದಾಗಿ ಹುಟ್ಟಿದ್ದಲ್ಲ. ಮೊದಲೂ ಇತ್ತು, ಪಾಲಾದ ಮೇಲೆ ಅದನ್ನು ತುಂಬುವ ಒಡಹುಟ್ಟು ಪಕ್ಕದಲ್ಲಿರಲಿಲ್ಲ.

ಪಾಲು ಅಲ್ಲಿಗೇ ನಿಲ್ಲಲಿಲ್ಲ. 1986ರಲ್ಲಿ ತೋಟದಲ್ಲೇ ಹೆಚ್ಚು ಫಸಲಿನ ಭಾಗವಾದ ದೆಹಲಿ, ಬೊಂಬಾಯಿಗಳನ್ನು ಕತ್ತರಿಸಿ ಎಂ.ಟಿ.ಎನ್.ಎಲ್. ಮಾಡಿದರು, ವಿದೇಶದ ಕರೆಗಳನ್ನು ವಿ.ಎಸ್.ಎನ್.ಎಲ್.ಗೆ ಕೊಟ್ಟು, 2002ರಲ್ಲಿ ಅದರ ಆಡಳಿತವನ್ನು ಟಾಟಾ ಸಂಸ್ಥೆಗೆ ಒಪ್ಪಿಸಿದರು. 1995ರಲ್ಲಿ ಮೊಬೈಲು ಬಂತು, ಆದರೆ ಖಾಸಗಿಯವರಿಗೆ. 2000ದ ಅಕ್ಟೋಬರ್ 1ರಂದು ಇಲಾಖೆ ಹೋಗಿ ಬಿ.ಎಸ್.ಎನ್.ಎಲ್. ಕಂಪನಿಯಾಯಿತು. ಅದು ಮೊಬೈಲು ಸೇವೆ ಶುರುಮಾಡಿದ್ದು 2002ರ ಅಕ್ಟೋಬರಿನಲ್ಲಿ. ಓಟದಲ್ಲಿ ಉಳಿದವರು ಏಳು ವರ್ಷ ಓಡಿದ ಮೇಲೆ ಇವನ ಕಾಲಿನ ಹಗ್ಗ ಬಿಚ್ಚಿದರು. ಆದರೂ ಓಡಿತು. 2004-05ರಲ್ಲಿ ಹತ್ತು ಸಾವಿರ ಕೋಟಿ ಮೀರಿದ ಲಾಭ. ಜನ ಅದರ ಸಿಮ್ ಕಾರ್ಡಿಗೆ ಸಾಲು ನಿಂತದ್ದನ್ನು ನಾನೇ ನೋಡಿದ್ದೇನೆ. ಆ ಹೊತ್ತಿಗೆ ಬೇಕಾಗಿದ್ದುದು ಹೊಸ ಉಪಕರಣ. ನಾಲ್ಕೂವರೆ ಕೋಟಿ ಲೈನಿನ ದೊಡ್ಡ ಟೆಂಡರು ತಗಾದೆಯಲ್ಲಿ ಸಿಕ್ಕಿ ಅರ್ಧಕ್ಕೆ ಇಳಿಯಿತು. ಹಳ್ಳಿಯ ಫೋನಿನ ನಷ್ಟಕ್ಕೆಂದು 2003ರಿಂದ ಸಿಗುತ್ತಿದ್ದ ಶುಲ್ಕ 2008ರಲ್ಲಿ ನಿಂತಿತು; ಹಳ್ಳಿಯ ಫೋನು ಮಾತ್ರ ನಿಲ್ಲಿಸುವ ಹಾಗಿಲ್ಲ. 2009-10ರಲ್ಲಿ ಮೊದಲ ನಷ್ಟ. 2010ರಲ್ಲಿ ಖಾಸಗಿಯವರು ಹರಾಜಿನಲ್ಲಿ ಕೂಗಿದ ಬೆಲೆಯನ್ನು ತರಂಗಗಳಿಗಾಗಿ ಇದೂ ಕೊಡಬೇಕಾಯಿತು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಆರಿಸುವ ಸ್ವಾತಂತ್ರ್ಯವಿಲ್ಲದೆ ಸುಮಾರು 18,500 ಕೋಟಿ ರೂಪಾಯಿ. ಖಾಸಗಿಯವರು 2012ರಲ್ಲಿ ಶುರುಮಾಡಿದ 4ಜಿಯನ್ನು ದೇಶದ ಉದ್ದಗಲಕ್ಕೆ ಕೊಡಲು ಇದಕ್ಕೆ 2025ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಆ ಉಪಕರಣ ಸ್ವದೇಶಿ, ಅದರಲ್ಲಿ ಅದೇ ಸಿ-ಡಾಟ್‌ನ ಪಾಲಿದೆ, ಬೆಂಗಳೂರಿನ ಕಂಪನಿಯ ಪಾಲೂ ಇದೆ ಎಂಬುದು ಹೆಮ್ಮೆಯ ಮಾತು. ಆದರೆ ಅಷ್ಟರಲ್ಲಿ 2020ರ ಜನವರಿ 31ರಂದು ಒಂದೇ ದಿನ 78,000ಕ್ಕೂ ಹೆಚ್ಚು ಮಂದಿ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಹೋಗಿದ್ದರು.

ಸಂಸ್ಥೆಯ ಒಳಗೆ ಸೋಮಾರಿತನ ಇರಲಿಲ್ಲವೆ? ಇತ್ತು. ಹೆಚ್ಚಿನ ಜನ ಇರಲಿಲ್ಲವೆ? ಇದ್ದರು. ಆದರೆ ಕೈ ಕಟ್ಟಿ ಹೊಳೆಗೆ ತಳ್ಳಿದವನು ಮುಳುಗಿದ್ದಕ್ಕೆ ಅವನಿಗೆ ಈಜು ಸರಿಯಾಗಿ ಬರುತ್ತಿರಲಿಲ್ಲ ಎಂದು ವರದಿ ಬರೆಯುವುದು ನ್ಯಾಯವಲ್ಲ.

ಈ ತಳ್ಳುವುದರಲ್ಲಿ ನನ್ನ ಕೈಯೂ ಇದೆ. ಎಂಟು ವರ್ಷ ಕಾದು ತಂದ ಲ್ಯಾಂಡ್‌ಲೈನನ್ನು 2008ರಲ್ಲಿ ನಾನೇ ಹಿಂದಿರುಗಿಸಿದೆ. ತಿಂಗಳ ಬಾಡಿಗೆ ದಂಡ ಅನ್ನಿಸಿತು, ಖಾಸಗಿ ಮೊಬೈಲು ಅಗ್ಗವಾಗಿತ್ತು. ಅಪ್ಪಯ್ಯನ ಮಗನಾಗಿ ನಾನು ಮಾಡಿದ ಲೆಕ್ಕ ನನ್ನ ತಂಗಿಯ ಅಳಿಯ ಮಾಡುವ ಲೆಕ್ಕಕ್ಕಿಂತ ಬೇರೆಯೇನಲ್ಲ.

ಈಗ ಆ ಪ್ರೊಫೆಸರರ ಸರದಿ. ಟೆಲಿಫೋನು ಬಿಟ್ಟುಹೋದ ಮೇಲೆ ಅರ್ಧ ಆಣೆಯ ಬಾಕಿಯನ್ನು ತೀರಿಸುತ್ತಿರುವವರು ಯಾರು? ಒಂದಿಷ್ಟು ಸರ್ಕಾರದ ಬೊಕ್ಕಸ, ಒಪ್ಪೋಣ. ಇನ್ನೊಂದಿಷ್ಟು, ಮೊದಲಿನಿಂದಲೂ, ಆ 'ಹೊರಗಿನವರು'. ಈಗ ಅವರು ಸುಮಾರು ಎರಡೂವರೆ ಲಕ್ಷ ಮಂದಿ. 1977ರಲ್ಲಿ ಸುಪ್ರೀಂ ಕೋರ್ಟು ಇವರದು ಸಿವಿಲ್ ಹುದ್ದೆಯೇ, ಮನಬಂದಂತೆ ತೆಗೆದುಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆದರೂ ಒಳಗಿನವರಾಗಲಿಲ್ಲ. 1997ರಲ್ಲಿ ನ್ಯಾಯಮೂರ್ತಿ ತಲ್ವಾರ್ ಸಮಿತಿ ವರದಿ ಕೊಟ್ಟಿತು. 2001ರಲ್ಲಿ ಹೆಸರು ಬದಲಾಯಿತು: ಗ್ರಾಮೀಣ ಡಾಕ್ ಸೇವಕ. ಹೆಸರಿನಲ್ಲಿ ಸೇವೆ ಬಂದರೆ ಸಂಬಳ ಕೇಳುವುದು ಅಸಭ್ಯವಾಗುತ್ತದೆ, ಅದೊಂದು ಉಪಾಯ. 2016ರಲ್ಲಿ ಕಮಲೇಶ್ ಚಂದ್ರ ಸಮಿತಿಯ ವರದಿ. ಅದನ್ನು ಜಾರಿಮಾಡಿ ಎಂದು 2018ರ ಮೇ ತಿಂಗಳಲ್ಲಿ ದೇಶದಾದ್ಯಂತ ಮುಷ್ಕರ ಹೂಡಿ, ಎರಡು ವಾರ ಹಳ್ಳಿಯ ಅಂಚೆ ನಿಂತ ಮೇಲೆ ಕೇಂದ್ರ ಸಂಪುಟ ಒಪ್ಪಿತು. ಆಗ ಗೊತ್ತಾದದ್ದು: ದಿನಕ್ಕೆ ನಾಲ್ಕು ಗಂಟೆಯ ಲೆಕ್ಕದ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೆ ತಿಂಗಳಿಗೆ ಮೂಲ ಭತ್ಯೆ 12,000 ರೂಪಾಯಿ, ಐದು ಗಂಟೆಗೆ 14,500. ತುಟ್ಟಿಭತ್ಯೆ ಸೇರುತ್ತದೆ, ಇಲಾಖೆಯ ಒಳಗಿನವರ ಪಿಂಚಣಿ ಮಾತ್ರ ಈಗಲೂ ಇವರಿಗಿಲ್ಲ.

ಆ ಎರಡು ವಾರ ನೀಲಿ ಇನ್‌ಲ್ಯಾಂಡ್ ಲೆಟರಿನ ಮೇಲೆ ಕವಿತೆ ಬರೆಯುವ ನಮ್ಮ ಬಳಗದ ಯಾರಾದರೂ ಒಂದು ಸಾಲು ಬರೆದರೆ? ನಾನು ನೋಡಲಿಲ್ಲ. ನಾನೂ ಬರೆಯಲಿಲ್ಲ. ಕನ್ನಡದ ಸಣ್ಣ ಪತ್ರಿಕೆಗಳು ಬದುಕಿದ್ದು ಅಂಚೆಯ ರಿಯಾಯಿತಿ ದರದಲ್ಲಿ; ಊರಿನಲ್ಲಿ ಕೂತು ಪುಸ್ತಕ ಅಚ್ಚುಮಾಡುವ ಪ್ರಕಾಶಕರು ಬದುಕಿದ್ದು ವಿ.ಪಿ.ಪಿ. ಮತ್ತು ಬುಕ್‌ಪೋಸ್ಟಿನಲ್ಲಿ. ನಮ್ಮ ನವ್ಯವೂ ಬಂಡಾಯವೂ ಯಾರದೋ ತಲೆಯ ಮೇಲೆ ಕೂತು ಹೊಳೆ ದಾಟಿ ಬಂದವು. ಅಂಚೆಯಣ್ಣ ಎಂದು ಕರೆಯುವುದು ಸುಲಭ. ಅಣ್ಣ ಎಂದವನಿಗೆ ಮನೆಯಲ್ಲಿ ಪಾಲು ಕೊಡಬೇಕಾಗುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ.

ಅಪ್ಪಯ್ಯ ಅರವತ್ತೈದು ತುಂಬಿದ ದಿನ ಮೊಹರು, ತಕ್ಕಡಿ, ಚೀಲ ಒಪ್ಪಿಸಿದರು. ಕೈಗೆ ಬಂದದ್ದು ಕೃಪಾರೂಪದ ಗ್ರಾಚುಯಿಟಿ ಎಂಬ ಹೆಸರಿನ ಕೆಲವೇ ಸಾವಿರ ರೂಪಾಯಿ. ಆ 'ಕೃಪೆ' ಎಂಬ ಶಬ್ದ ಅವರನ್ನು ಚುಚ್ಚಿತು. "ಕೃಪೆ ಮಾಡಿದ್ದು ಯಾರು, ಯಾರಿಗೆ?" ಎಂದು ಒಂದೇ ಸಲ ಕೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಈಗಿನ ಸ್ಥಿತಿ ಇನ್ನೂ ವಿಚಿತ್ರ. 2013ರ ಜುಲೈಯಲ್ಲಿ ತಂತಿ ಸತ್ತಿತು. ಅದಕ್ಕೆ ಅಳುವುದರಲ್ಲಿ ಅರ್ಥವಿಲ್ಲ, ನಮ್ಮೂರಲ್ಲಿ ತಂತಿ ಬಂತೆಂದರೇ ಯಾರೋ ಸತ್ತರು ಎಂದು ಅರ್ಥ. ಆದರೆ 2024ರ ಡಿಸೆಂಬರಿನಲ್ಲಿ ಮುದ್ರಿತ ಪುಸ್ತಕಗಳನ್ನು ರಿಜಿಸ್ಟರು ಮಾಡಿ ಕಡಿಮೆ ದರದಲ್ಲಿ ಕಳಿಸುವ ಸೌಲಭ್ಯವನ್ನು ತೆಗೆದುಹಾಕಿದರು. ಕೂಗು ಎದ್ದ ಮೇಲೆ 2025ರ ಮೇಯಲ್ಲಿ ಜ್ಞಾನ ಪೋಸ್ಟ್ ಎಂಬ ಬೇರೊಂದನ್ನು ತಂದರು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದರು. ರಿಜಿಸ್ಟರಿನ ದರ ದೇಶಕ್ಕೆಲ್ಲ ಒಂದೇ ಆಗಿತ್ತು. ಸ್ಪೀಡ್ ಪೋಸ್ಟಿನಲ್ಲಿ ಸ್ಥಳೀಯ ದರ ಬೇರೆ. ಐವತ್ತು ಗ್ರಾಂ ದಾಟಿದರೆ ದೂರ ಹೆಚ್ಚಿದಂತೆ ದರವೂ ಹೆಚ್ಚು. ಕಾರ್ಡಿಗೆ, ಸಾದಾ ಕವರಿಗೆ ಹಳೆಯ ನಿಯಮ ಉಳಿದಿದೆ, ಆದರೆ ಅವನ್ನು ಬರೆಯುವವರು ಎಷ್ಟು ಮಂದಿ? 1854ರಲ್ಲಿ ಕಿತ್ತ ಮೈಲಿಗಲ್ಲುಗಳನ್ನು ಒಂದೊಂದಾಗಿ ತಂದು ನೆಡುತ್ತಿದ್ದಾರೆ. ಅಂದು ಕಿತ್ತವನು ಪರದೇಶದ ಧಣಿ. ಇಂದು ನೆಡುತ್ತಿರುವುದು ನಾವೇ ಆರಿಸಿದವರು.

ಕಳೆದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ನಮ್ಮ ಜಗಲಿಯಿಂದ ಪೋಸ್ಟಾಫೀಸು ಹೋಗಿ ಎರಡು ಮನೆ ಬದಲಾಗಿದೆ. ಈಗಿನ ಬ್ರಾಂಚ್ ಪೋಸ್ಟ್‌ಮಾಸ್ಟರ್ ಇಪ್ಪತ್ತಾರರ ಹುಡುಗಿ, ವಿಜಯಪುರದ ಕಡೆಯವಳು. ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ. ಕಂಪ್ಯೂಟರು ಎಲ್ಲಿಗೆ ಹಾಕಿತೋ ಅಲ್ಲಿಗೆ ಬಂದಿದ್ದಾಳೆ. ಇಲಾಖೆ ಕೊಟ್ಟ ಯಂತ್ರ ಕೈಯಲ್ಲಿದೆ, ಆದರೆ ಅದು ನಡೆಯಲು ಫೋನಿನ ತರಂಗ ಬೇಕು. ಅದಕ್ಕಾಗಿ ಸಂಜೆ ಹೊತ್ತು ಗುಡ್ಡ ಹತ್ತಿ, ಗೇರುಮರದ ಕೆಳಗೆ ಕೂತು ದಿನದ ಲೆಕ್ಕ ಕಳಿಸುತ್ತಾಳೆ. 1985ರಲ್ಲಿ ಪಾಲಾದ ಅಣ್ಣತಮ್ಮಂದಿರು ಮತ್ತೆ ಭೇಟಿಯಾಗುವುದು ಆ ಗೇರುಮರದಡಿ ಎಂದು ನನಗೆ ನಗು ಬಂತು. ಅವಳಿಗೆ ನಗುವ ಹೊತ್ತಲ್ಲ. ಕಚೇರಿಗೆ ಕೊಟ್ಟ ಕೋಣೆಯನ್ನು ಮನೆಯವರು ತಿಂಗಳೊಳಗೆ ಬಿಡಿಸುತ್ತಿದ್ದರು. ಜಾಗ ಹುಡುಕಬೇಕಾದವಳು ಈಗಲೂ ಅವಳೇ.

"ಅಜ್ಜಾರ, ಮೊದಲ ಪೋಸ್ಟ್ ಆಫೀಸು ನಿಮ್ಮ ಮನ್ಯಾಗ ಇತ್ತಂತಲ್ರೀ. ಆ ಜಗಲಿ ಮ್ಯಾಲೆ ನೆಟ್‌ವರ್ಕ್ ಬರ್ತೈತೇನ್ರಿ?" ಎಂದು ಕೇಳಿದಳು.

ಇಬ್ಬರೂ ಹೋಗಿ ನೋಡಿದೆವು. ಮೇಜಿದ್ದ ಮೂಲೆಯಲ್ಲಿ ಏನೂ ಇಲ್ಲ. ದಣಪೆಯ ಕಡೆಯ ಕಂಬದ ಹತ್ತಿರ, ಯಂತ್ರವನ್ನು ಸ್ವಲ್ಪ ಎತ್ತಿ ಹಿಡಿದರೆ, ಒಂದು ಗೆರೆ ಬಂತು; ಹೋಯಿತು; ಮತ್ತೆ ಬಂತು.

"ಬಾಡಿಗಿ ಎಷ್ಟು ಹೇಳ್ತೀರಿ?" ಎಂದಳು.